ನೀಲಿ ಟೋಪಿ, ಹಳದಿ ಚೀಟಿ

ಗಡಿ ಕಾಯುವ ಸಿಪಾಯಿಗೂ ಫಾರಿನ್ನಿಗೆ ಹೊರಟ ಸಿಪಾಯಿಗೂ ನಮ್ಮೂರಿನಲ್ಲಿ ಬೇರೆ ಬೇರೆ ದರ. ಕಾಶ್ಮೀರದಿಂದ ರಜೆಗೆ ಬಂದಾಗಲೆಲ್ಲ "ಬಂದ್ಯೇನಪ್ಪಾ? ಯಾವಾಗ ವಾಪಸ್ಸು?" ಎಂದು ಎರಡೇ ಮಾತಿನಲ್ಲಿ ನನ್ನನ್ನು ಮುಗಿಸಿ ಬೀಡಿ ಹಚ್ಚುತ್ತಿದ್ದ ಹಿರಿಯರು, ವಿಶ್ವಸಂಸ್ಥೆಯ ಶಾಂತಿಪಡೆಗೆ ನನ್ನ ಹೆಸರು ಬಂದಿದೆ ಎಂದು ಗೊತ್ತಾದದ್ದೇ ತಡ, ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟರು. ಪೆನ್ನಾಗರದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಾತ ಕಾಸು ಮುಟ್ಟಲಿಲ್ಲ. "ಇರಲಿ ಸಾರ್, ತಿರುಗಿ ಬಂದು ಡಾಲರಲ್ಲೇ ಕೊಡಿ" ಎಂದ. ನಾನು ಹೋಗಬೇಕಿದ್ದ ದಕ್ಷಿಣ ಸುಡಾನ್ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೂ ಆ ವಾರವಷ್ಟೇ ಗೊತ್ತಾಗಿತ್ತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆ ದೇಶ ಹುಟ್ಟಿದ್ದೇ 2011ರ ಜುಲೈ 9ರಂದು. ನಮ್ಮ ಮೇಷ್ಟರು ಕೋಲಿನಲ್ಲಿ ತೋರಿಸುತ್ತಿದ್ದ ಭೂಪಟದಲ್ಲಿ ಅದು ಇರಲು ಸಾಧ್ಯವೇ ಇರಲಿಲ್ಲ.

ಹೊಸ ದೇಶ ಹುಟ್ಟಿತು ಎಂದರೆ ನಮ್ಮ ಮನೆಯಲ್ಲಿ ಯಾರೂ ಬೆರಗಾಗಲಿಲ್ಲ. ಅಪ್ಪ ಹುಟ್ಟಿದ್ದು ಸೇಲಂ ಜಿಲ್ಲೆಯಲ್ಲಿ. 1965ರ ಗಾಂಧಿ ಜಯಂತಿಯಂದು ಮನೆ ಇದ್ದ ಜಾಗದಲ್ಲೇ ಇದ್ದುಕೊಂಡು ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಲ್ಲಿ ಅಕ್ಕನ ಗಂಡನ ಮನೆ ಕೃಷ್ಣಗಿರಿ ಜಿಲ್ಲೆಯ ಪಾಲಾಯಿತು. "ಅಲ್ಲೂ ಕಲೆಕ್ಟರ್ ಆಫೀಸು ದೂರ ಆಗಿತ್ತೇನೋ, ಅದಕ್ಕೇ ಬೇರೆ ಆಗವ್ರೆ" ಎಂದು ಅಪ್ಪ ಆಫ್ರಿಕಾದ ರಾಜಕೀಯವನ್ನು ಕೂತಲ್ಲೇ ಇತ್ಯರ್ಥ ಮಾಡಿದರು. ಆಮೇಲೆ ಕೇಳಿದರು: ನದಿ ಇದೆಯಾ? ಇದೆ, ಬಿಳಿ ನೈಲ್. ಕೆಳಗಡೆ ಯಾರಿದ್ದಾರೆ? ಸುಡಾನಿನವರು, ಅವರ ಕೆಳಗೆ ಈಜಿಪ್ಟಿನವರು. ಒಪ್ಪಂದ ಆಗಿದೆಯಾ? ಆ ಇಬ್ಬರದ್ದು 1959ರಲ್ಲೇ ಆಗಿದೆ. "ಹಂಗಾದ್ರೆ ಜಗಳಾನೂ ಇರ್ತದೆ ಬಿಡು" ಎಂದರು. ಹೊಗೇನಕಲ್ಲಿನ ಈ ದಡದಲ್ಲಿ ನಿಂತು ಆ ದಡದ ಕರ್ನಾಟಕವನ್ನು ನೋಡುತ್ತ, 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟಿನ ನೀರಿನ ಮಟ್ಟವನ್ನು ಪೇಪರಿನಲ್ಲಿ ದಿನಾ ಓದುತ್ತ ಮುದುಕರಾದವರಿಗೆ ನೈಲ್ ನದಿಯ ವಿಷಯದಲ್ಲಿ ಹೇಳಿಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಡಾಲರಿನ ಮಾತಿಗೆ ಬರುತ್ತೇನೆ, ಏಕೆಂದರೆ ಊರು ಅದನ್ನು ಬಿಡಲಿಲ್ಲ. ವಿಶ್ವಸಂಸ್ಥೆ ಒಬ್ಬ ಸೈನಿಕನ ಬಾಬ್ತು ತಿಂಗಳಿಗೆ 1428 ಡಾಲರ್ ಕೊಡುತ್ತದೆ ಎಂದು 2018ರಲ್ಲಿ ನಿಗದಿಯಾಗಿತ್ತು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಇದನ್ನು ಮೊಬೈಲಿನಲ್ಲಿ ಹುಡುಕಿ, ರೂಪಾಯಿಗೆ ತಿರುಗಿಸಿ, ಹನ್ನೆರಡು ತಿಂಗಳಿಗೆ ಗುಣಿಸಿ, ಮಾರಿಯಮ್ಮನ ಗುಡಿಯ ಮುಂದೆ ಗಟ್ಟಿಯಾಗಿ ಓದಿದ. ಸಂಜೆಯ ಹೊತ್ತಿಗೆ ನಾನು ಗುಡಿಗೆ ಗೋಪುರ ಕಟ್ಟಿಸುವುದು ತೀರ್ಮಾನವಾಗಿತ್ತು. ಆ ದುಡ್ಡು ಸೇರುವುದು ಸೈನಿಕನನ್ನು ಕಳಿಸಿದ ಸರ್ಕಾರಕ್ಕೆ. ಹುಡುಗನ ಗುಣಾಕಾರದಲ್ಲಿ ತಪ್ಪಿರಲಿಲ್ಲ, ವಿಳಾಸದಲ್ಲಿ ಮಾತ್ರ ತಪ್ಪಿತ್ತು.

ನಾನು ಮದ್ರಾಸ್ ಸ್ಯಾಪರ್. 1780ರಲ್ಲಿ ಹುಟ್ಟಿದ ದಳ, ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ. ಸೈನ್ಯದಲ್ಲಿ ನಮ್ಮೆಲ್ಲರಿಗೂ 'ತಂಬಿ' ಎಂದೇ ಹೆಸರು. ಮೊಮ್ಮಕ್ಕಳನ್ನು ಕಂಡ ಸುಬೇದಾರ್ ಸಾಹೇಬರೂ ತಂಬಿಯೇ. ರಸ್ತೆ ಹಾಕುವುದು, ಸೇತುವೆ ಕಟ್ಟುವುದು, ಅಗತ್ಯ ಬಿದ್ದರೆ ಅದೇ ಸೇತುವೆಯನ್ನು ಉಡಾಯಿಸುವುದು ನಮ್ಮ ಕಸುಬು. ಮುಳ್ಳುತಂತಿಯ ಬೇಲಿಯನ್ನು ಸಿಡಿಸುವ 'ಬೆಂಗಳೂರು ಟಾರ್ಪೆಡೊ' ಎಂಬ ಕೊಳವೆಯನ್ನು 1912ರಲ್ಲಿ ಕಂಡುಹಿಡಿದವರು ನಮ್ಮ ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್. ಬೆಂಗಳೂರಿನ ಹೆಸರನ್ನು ಲೋಕಕ್ಕೆ ಮೊದಲು ಪರಿಚಯಿಸಿದ್ದು ಸಾಫ್ಟ್‌ವೇರ್ ಎಂದುಕೊಂಡವರು ತಿದ್ದಿಕೊಳ್ಳಬಹುದು. ನನ್ನದು ಡೋಜರ್ ಓಡಿಸುವ ಕೆಲಸ.

ಇಂಥವನನ್ನು ಕೂರಿಸಿ ಶಾಂತಿ ಕಲಿಸಲು ಹೊರಟರು.

ಇಷ್ಟು ವರ್ಷ ಉಸ್ತಾದರು ಕಿವಿ ಹಿಂಡಿ ಕಲಿಸಿದ್ದು, ಶತ್ರು ಕಂಡರೆ ಹೊಡೆ ಎಂದು. ಶಾಂತಿಪಡೆಯ ತರಬೇತಿಯ ಮೊದಲ ಪಾಠ, ಶತ್ರು ಎಂಬುವನೇ ಇಲ್ಲ. ಎರಡು ಪಕ್ಷ ಇವೆ, ಮೂರು ಪಕ್ಷ ಇವೆ, ಅವುಗಳ ಒಳಪಂಗಡ ಇವೆ, ನಿನ್ನ ಗಾಡಿಗೆ ಕಲ್ಲು ಬೀರುವ ಮಕ್ಕಳಿದ್ದಾರೆ. ಶತ್ರು ಮಾತ್ರ ಇಲ್ಲ. ಬಂದೂಕು ಕೊಡುತ್ತಾರೆ, ಜೊತೆಗೆ ಅದನ್ನು ಯಾವಾಗ ಬಳಸಬಾರದು ಎಂಬುದಕ್ಕೆ ಒಂದು ಕಾರ್ಡು ಕೊಡುತ್ತಾರೆ. ಮೊದಲು ಮಾತಾಡು. ಕೇಳದಿದ್ದರೆ ಕೂಗಿ ಎಚ್ಚರಿಸು. ಆಗಲೂ ಕೇಳದಿದ್ದರೆ ಆಯುಧ ಕಾಣುವ ಹಾಗೆ ನಿಲ್ಲು. ಜನರ ಜೀವಕ್ಕೋ ನಿನ್ನ ಜೀವಕ್ಕೋ ಸಂಚಕಾರ ಬಂದಾಗಲೇ ಗುಂಡು, ಅದೂ ಬೇಕಾದಷ್ಟೇ. ಆ ಕಾರ್ಡನ್ನು ಎಡಗಡೆ ಜೇಬಿನಲ್ಲಿ ಮುನೇಶ್ವರನ ಫೋಟೋ ಪಕ್ಕದಲ್ಲೇ ಇಟ್ಟುಕೊಂಡೆ. ಮುನೇಶ್ವರ ಕೈಯಲ್ಲಿ ಕತ್ತಿ ಹಿಡಿದು ಮೀಸೆ ತಿರುವಿಕೊಂಡು ನಿಂತಿದ್ದ. ಅವನಿಗೆ ಆ ನಿಯಮಗಳು ಹಿಡಿಸಿದ ಹಾಗೆ ಕಾಣಲಿಲ್ಲ.

ಸೂಜಿಯ ವಿಷಯ. ಶಾಂತಿ ಸ್ಥಾಪನೆಗೆ ಇಷ್ಟೊಂದು ಸೂಜಿ ಬೇಕೆಂದು ನನಗೆ ತಿಳಿದಿರಲಿಲ್ಲ. ಎಂ.ಐ. ರೂಮ್ ಎಂಬ ನಮ್ಮ ದವಾಖಾನೆಯ ಮುಂದೆ ತೋಳು ಮಡಚಿ ಸಾಲು ನಿಂತರೆ ಟೈಫಾಯ್ಡ್, ಮೆದುಳುಜ್ವರ, ಧನುರ್ವಾಯು, ಕಾಮಾಲೆ, ಒಂದಾದ ಮೇಲೊಂದು. ಎಲ್ಲಕ್ಕೂ ಹಿರಿಯಣ್ಣ ಯೆಲ್ಲೋ ಫೀವರ್. ಅದನ್ನು ಕಂಡಕಂಡಲ್ಲಿ ಹಾಕುವುದಿಲ್ಲ. ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಆಗಬೇಕು. ಹಾಕಿಸಿಕೊಂಡವನಿಗೆ ಒಂದು ಹಳದಿ ಚೀಟಿ ಕೊಡುತ್ತಾರೆ, ಹತ್ತು ದಿನ ಕಳೆದ ಮೇಲೆ ಅದಕ್ಕೆ ಬೆಲೆ ಬರುತ್ತದೆ. 2016ರಿಂದ ಈಚೆಗೆ ಅದು ಜೀವಮಾನಪೂರ್ತಿ ನಡೆಯುತ್ತದೆ. ನನ್ನ ಬಳಿ ಇರುವ ಕಾಗದಗಳಲ್ಲಿ ಜೀವಮಾನಪೂರ್ತಿ ನಡೆಯುವಂಥದ್ದು ಅದು ಮತ್ತು ಮದುವೆ ಸರ್ಟಿಫಿಕೇಟು, ಎರಡೇ. ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಅದನ್ನು ಕಾಯಬೇಕು ಎಂದು ಎಷ್ಟು ಸಲ ಹೇಳಿದರೆಂದರೆ, ನಮ್ಮ ಲಂಗರಿನ ಅಡುಗೆಯವನು ಅದನ್ನು ಲ್ಯಾಮಿನೇಟ್ ಮಾಡಿಸಿಕೊಂಡು ಬಂದ. ಮುಂದೆ ಅದರ ಮೇಲೆ ಸೀಲು ಒತ್ತಬೇಕಾದಾಗ ಡಾಕ್ಟರು ಅವನನ್ನೂ ಪ್ಲಾಸ್ಟಿಕ್ಕನ್ನೂ ಬಹಳ ಹೊತ್ತು ನೋಡುತ್ತ ಕೂತರು.

ದೆಹಲಿಯಲ್ಲಿ 2000ದಿಂದ ಶಾಂತಿಪಾಲನೆಗೆಂದೇ ಒಂದು ಕೇಂದ್ರವಿದೆ. ನಮಗೂ ಶಾಂತಿಪಾಲನೆಯ ಪಾಠಗಳು ನಡೆದವು. ಹೆಂಗಸರ ಜೊತೆ, ಮಕ್ಕಳ ಜೊತೆ, ಪತ್ರಕರ್ತರ ಜೊತೆ ಹೇಗಿರಬೇಕು, ದುಭಾಷಿಯನ್ನು ಹೇಗೆ ಬಳಸಬೇಕು ಎಲ್ಲವೂ ಉಂಟು. ದುಭಾಷಿಯ ಪಾಠ ಪುಸ್ತಕದಲ್ಲಿ ಸುಲಭ: ಚಿಕ್ಕ ವಾಕ್ಯ ಆಡು, ದುಭಾಷಿಯ ಮುಖ ನೋಡಬೇಡ, ಎದುರಿನವನ ಮುಖ ನೋಡು. ಇದನ್ನು ಮಾಡಿ ತೋರಿಸಲು ಒಂದು ಮಧ್ಯಾಹ್ನ ಮೈದಾನದಲ್ಲಿ ಟಾರ್ಪಾಲು ಕಟ್ಟಿ ಹಳ್ಳಿ ಮಾಡಿದರು. ದಕ್ಷಿಣ ಸುಡಾನಿನಲ್ಲಿ ದನ ಕದಿಯುವ ವಿಚಾರಕ್ಕೆ ಊರೂರೇ ಹೊಡೆದಾಡುವುದುಂಟು. ಅದಕ್ಕೇ ದನ ಕಳೆದುಕೊಂಡ ಊರ ಮುಖ್ಯಸ್ಥನ ಪಾತ್ರ ಬೇಕಾಯಿತು. ನನಗೆ ತಲೆ ನರೆತಿದೆ ಎಂಬ ಒಂದೇ ಯೋಗ್ಯತೆಯ ಮೇಲೆ ಕಂಬಳಿ ಹೊದಿಸಿ ಕೂರಿಸಿದರು. ಶಾಂತಿಪಡೆಯ ಅಧಿಕಾರಿಯಾಗಿ ರಾಜಸ್ಥಾನದ ಒಬ್ಬ ಕ್ಯಾಪ್ಟನ್ ಸಾಹೇಬರು, ದುಭಾಷಿಯಾಗಿ ಮಂಡ್ಯ ಕಡೆಯ ಒಬ್ಬ ಹುಡುಗ. "ಸಾಹೇಬರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡು" ಎಂದು ನನಗೆ ಅಪ್ಪಣೆಯಾಯಿತು.

ನಾನು ಮನೆಯ ಕನ್ನಡದಲ್ಲಿ ಶುರುಮಾಡಿದೆ. ಹಾಗೆ ಕೂತು ಯಾರ ಮುಂದಾದರೂ ದೂರು ಹೇಳಿ ಬಹಳ ಕಾಲವಾಗಿತ್ತು. ದನದಿಂದ ಹೊರಟವನು ದಾಯಾದಿಯ ದನ ನಮ್ಮ ರಾಗಿ ಹೊಲ ಮೇದದ್ದಕ್ಕೆ ಬಂದೆ. ಅಲ್ಲಿಂದ ಬದುವಿನ ಹುಣಿಸೆಮರಕ್ಕೆ, ಮರದಿಂದ ಸರ್ವೆಯವನು ಅಳೆದ ರೀತಿಗೆ, ಸರ್ವೆಯಿಂದ ಬೋರಿನ ಮೋಟಾರಿಗೆ, ಮೋಟಾರಿನಿಂದ ನನ್ನ ತಂಗಿಯ ಮದುವೆಯಲ್ಲಿ ಅವರು ಊಟಕ್ಕೆ ಕೂರದೆ ಎದ್ದು ಹೋದದ್ದಕ್ಕೆ. ಕಣ್ಣಲ್ಲಿ ನೀರೂ ಬಂತು. ಕ್ಯಾಪ್ಟನ್ ಸಾಹೇಬರು ಪುಸ್ತಕದ ಪ್ರಕಾರ ನನ್ನ ಮುಖವನ್ನೇ ಕರುಣೆಯಿಂದ ನೋಡುತ್ತಿದ್ದರು. ನಾನು ಉಸಿರಿಗಾಗಿ ನಿಲ್ಲಿಸಿದಾಗ ದುಭಾಷಿಯ ಕಡೆ ಕಿವಿ ಕೊಟ್ಟರು. ಮಂಡ್ಯದ ಹುಡುಗ ಹಿಂದಿಯಲ್ಲಿ ಹೇಳಿದ: "ಇವರಿಗೆ ಹಸಿವಾಗಿದೆ ಸಾರ್."

ಸಾಹೇಬರು ಬಿಸ್ಕತ್ತು ತರಿಸಿಕೊಟ್ಟರು. ಪರೀಕ್ಷಕರು ಬರೆದುಕೊಂಡದ್ದು: ಅಭಿನಯ ಅತ್ಯಂತ ಸಹಜ.

ಇನ್ನು ಗಾಡಿ. ದಕ್ಷಿಣ ಸುಡಾನಿನಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ವಿಶ್ವಸಂಸ್ಥೆಯ ಪರವಾನಗಿಗೆ ಪ್ರತ್ಯೇಕ ಪರೀಕ್ಷೆ, ಜೊತೆಗೆ ಗಾಡಿಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ, ಕಾರ್ಡು ಉಜ್ಜದೆ ಎಂಜಿನ್ ಎದ್ದೇಳುವುದಿಲ್ಲ. ಎಷ್ಟು ವೇಗ ಹೋದೆ, ಎಲ್ಲಿ ಗಕ್ಕನೆ ಬ್ರೇಕು ಹಾಕಿದೆ ಎಲ್ಲ ಚಾಡಿ ಹೇಳುತ್ತದೆ. ಉತ್ತರದ ಕಡೆಯ ಹುಡುಗರು ಬಲಗಡೆ ಎಂದಾಗ ತಬ್ಬಿಬ್ಬಾದರು. ನನಗೆ ಏನೂ ಅನ್ನಿಸಲಿಲ್ಲ. ಧರ್ಮಪುರಿಯಿಂದ ಸೇಲಂಗೆ ಹೋಗುವಾಗ ತೊಪ್ಪೂರು ಘಾಟಿಯನ್ನು ಇಳಿದವರಿಗೆ ಎಡ ಬಲ ಎಂಬುದು ಆಯಾ ಕ್ಷಣದ ತೀರ್ಮಾನ. ಹಿಂದಿನಿಂದ ಬ್ರೇಕಿನ ವಾಸನೆ ಬರುವ ಲಾರಿ ಬಂದರೆ ಯಾವ ಕಡೆ ಜಾಗವಿದೆಯೋ ಅದೇ ಸರಿಯಾದ ಕಡೆ.

ನಮ್ಮ ಡೋಜರ್, ಟಿಪ್ಪರ್, ನೀರಿನ ಬೌಸರ್ ಎಲ್ಲಕ್ಕೂ ಬಿಳಿ ಬಣ್ಣ ಹೊಡೆದು, ಮೈಮೇಲೆ ಕರಿ ಅಕ್ಷರದಲ್ಲಿ ಯು.ಎನ್. ಎಂದು ಬರೆಸಿದೆವು. ಸೈನ್ಯ ಸೇರಿದಾಗಿನಿಂದ ಕಣ್ಣಿಗೆ ಕಾಣದಂತೆ ಇರುವುದನ್ನು ಕಲಿತವರಿಗೆ ಎರಡು ಮೈಲಿಗೆ ಕಾಣುವಂತೆ ಇರುವುದನ್ನು ಕಲಿಸುವುದು ಬಲು ಕಷ್ಟ. ಟೋಪಿ ನೀಲಿ. 1956ರಲ್ಲಿ ಸೂಯೆಜ್ ಗಲಾಟೆಯಾದಾಗ ಸೈನಿಕರ ಗುರುತು ಸಿಗಲೆಂದು ಅಮೆರಿಕದ ಹೆಲ್ಮೆಟ್ಟುಗಳಿಗೆ ಆತುರದಲ್ಲಿ ನೀಲಿ ಬಣ್ಣ ಎರಚಿದ್ದೇ ಇದರ ಮೂಲವಂತೆ. ಆಮೇಲೆ ಎಣಿಕೆ. ಡೇರೆ, ಮಂಚ, ಬೆಂಕಿ ಆರಿಸುವ ಸಿಲಿಂಡರು, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಪಟ್ಟಿಯಲ್ಲಿ ಇರಬೇಕು, ಇದ್ದರೆ ಸಾಲದು, ಕೆಲಸ ಮಾಡುತ್ತಿರಬೇಕು. ಕೆಟ್ಟು ನಿಂತದ್ದಕ್ಕೆ ಬಾಡಿಗೆ ಇಲ್ಲ. ಇದನ್ನು ಅಧಿಕಾರಿಗಳು ಎರಡು ತರಗತಿ ತೆಗೆದುಕೊಂಡು ವಿವರಿಸಿದರು. ಜೆಸಿಬಿ ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ನನ್ನ ಭಾವಮೈದುನ ಫೋನಿನಲ್ಲಿ ಕೇಳಿದ್ದು ಒಂದೇ: "ಡೀಸೆಲ್ ಯಾರ್ದು ಭಾವ?" ಡೀಸೆಲ್ ಅವರದು, ರಿಪೇರಿ ನಮ್ಮದು ಎಂದೆ. "ಒಳ್ಳೇ ಪಾರ್ಟಿ, ಬಿಡಬೇಡಿ" ಎಂದ.

ಹೊರಡುವ ಮುಂಚಿನ ರಜೆಯಲ್ಲಿ ನಿಜವಾದ ತರಬೇತಿ ಮನೆಯಲ್ಲಿ ನಡೆಯಿತು. ಸೇಲಂನಲ್ಲಿ ನನ್ನ ಮಾವನವರದು ಮಗ್ಗದ ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಾಲ ಕೊಡುವವನ ಹತ್ತಿರ ಯಾವುದು ನಡೆದರೆ ಅದು. ಅತ್ತೆ ತಟ್ಟುವಡೆ, ಸಬ್ಬಕ್ಕಿ ಹಪ್ಪಳ, ಗಾಜಿನ ಭರಣಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಸಾಲಾಗಿ ಇಟ್ಟರು. ವಿಮಾನದಲ್ಲಿ ತೂಕಕ್ಕೆ ಮಿತಿ ಇದೆ ಎಂದರೆ, "ನಿಮ್ಮ ಬಂದೂಕನ್ನ ಬೇರೆಯೋರ ಕೈಲಿ ಕಳಿಸಿ" ಎಂದರು. ಇತ್ತ ಅಮ್ಮ ರಾಗಿಹಿಟ್ಟಿನ ಮೂಟೆ ಕಟ್ಟಿದ್ದಳು. ಆಫ್ರಿಕಾದವರಿಗೆ ರಾಗಿ ಎಲ್ಲಿ ಗೊತ್ತು ಪಾಪ ಎಂಬುದು ಅವಳ ಚಿಂತೆ. ರಾಗಿ ನಮ್ಮ ದೇಶಕ್ಕೆ ಬಂದದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ, ಸಾವಿರಾರು ವರ್ಷದ ಹಿಂದೆ. ಸುಡಾನಿನವರು ಜೋಳದ ಹಿಟ್ಟನ್ನು ಕುದಿಸಿ, ತಿರುವಿ, ಮುದ್ದೆಯಂಥದ್ದನ್ನೇ ಮಾಡಿ 'ಅಸೀದಾ' ಎಂದು ಕರೆದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಒಳ್ಳೇ ಜನಾನೇ. ಮತ್ಯಾಕೆ ಬಂದೂಕು?" ಎಂದಳು. ಹಿಟ್ಟು ಮಾತ್ರ ಒಂದು ಸೇರೂ ಕಡಿಮೆ ಮಾಡಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯ ತಾತ ಹಳೆಯ ಸಿಪಾಯಿ. ಸೂಯೆಜ್ ಗಲಾಟೆಯ ನಂತರ ಗಾಜಾದಲ್ಲಿ 1967ರವರೆಗೆ ಇದ್ದ ಶಾಂತಿಪಡೆಯಲ್ಲಿ ಕೆಲಕಾಲ ದುಡಿದವರು. 1988ರ ನೊಬೆಲ್ ಶಾಂತಿ ಪ್ರಶಸ್ತಿ ವಿಶ್ವಸಂಸ್ಥೆಯ ಶಾಂತಿಪಡೆಗಳಿಗೆಲ್ಲ ಒಟ್ಟಾಗಿ ಬಂದಾಗಿನಿಂದ ಅವರು ತಮ್ಮ ಪಾಲನ್ನು ಬಿಟ್ಟುಕೊಟ್ಟಿಲ್ಲ. ಪಡಿತರದಂಗಡಿಯ ಸಾಲಿನಲ್ಲಿ ಯಾರಾದರೂ ಮುಂದೆ ನುಗ್ಗಿದರೆ "ನೊಬೆಲ್ ತಗೊಂಡೋನಿಗೆ ಮರ್ಯಾದೆ ಇಲ್ವೇನೋ" ಎನ್ನುತ್ತಾರೆ. ನನ್ನನ್ನು ಕರೆಸಿ, ಬಾಗಿಲು ಹಾಕಿಕೊಂಡು, ಗುಟ್ಟು ಹೇಳುವವರ ಹಾಗೆ ಹೇಳಿದರು: "ಮಗಾ, ಅಲ್ಲಿ ಗುಂಡಿಗಿಂತ ಬೇಜಾರು ಜಾಸ್ತಿ. ಇಸ್ಪೀಟಿನ ಕಟ್ಟು ಎರಡು ಇಟ್ಕೋ, ಒಂದರಲ್ಲಿ ಯಾವಾಗ್ಲೂ ಒಂದು ಎಲೆ ಕಳೆದುಹೋಗ್ತದೆ." ಅಷ್ಟೂ ತರಗತಿಗಳಲ್ಲಿ ಯಾರೂ ಹೇಳದ ಮಾತು ಇದು.

ತಾತನೇ ಇನ್ನೊಂದು ಮಾತನ್ನೂ ಹೇಳಿದರು, ಹೋದವರೆಲ್ಲ ತಿರುಗಿ ಬರುವುದಿಲ್ಲ ಎಂದು. ಆಗ ನಗಲಿಲ್ಲ. ಭಾರತ ಇಲ್ಲಿಯವರೆಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಸೈನಿಕರನ್ನು ಈ ಕೆಲಸಕ್ಕೆ ಕಳಿಸಿದೆ. ಅವರಲ್ಲಿ 150ಕ್ಕಿಂತ ಹೆಚ್ಚು ಜನ ತಿರುಗಿ ಬಂದಿಲ್ಲ. ಅಂಕಿ ನಾನು ತರಗತಿಯಲ್ಲಿ ಬರೆದುಕೊಂಡದ್ದು. ತಾತನಿಗೆ ಅಂಕಿ ಗೊತ್ತಿಲ್ಲ, ಒಂದು ಮುಖ ಗೊತ್ತು.

ಈಗ ಧರ್ಮಪುರಿ, ಸೇಲಂ ಕಡೆಯ ಇನ್ನಷ್ಟು ಹುಡುಗರ ಹೆಸರು ಪಟ್ಟಿಯಲ್ಲಿ ಬರುತ್ತಿದೆ. ಅವರ ಮನೆಯವರಲ್ಲಿ ನನ್ನದು ಕೆಲವು ವಿನಂತಿ. ಉಪ್ಪಿನಕಾಯಿಯನ್ನು ಗಾಜಿನ ಭರಣಿಯಲ್ಲಿ ಕೊಡಬೇಡಿ. ನನ್ನದು ಒಡೆದು, ಒಂದು ವರ್ಷ ನನ್ನ ಯೂನಿಫಾರ್ಮು ಮೆಂತ್ಯದ ವಾಸನೆ ಹೊಡೆಯಿತು. ಡಾಲರ್ ಲೆಕ್ಕ ಕೇಳಬೇಡಿ, ಗೋಪುರ ಕಟ್ಟಿಸುವುದಿದ್ದರೆ ಊರವರೇ ಚಂದಾ ಎತ್ತಿ. ಹಳದಿ ಚೀಟಿಯ ಜೆರಾಕ್ಸ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ, ಆದರೆ ಲ್ಯಾಮಿನೇಟ್ ಮಾಡಿಸಬೇಡಿ. ರಾಗಿಹಿಟ್ಟು ಎಷ್ಟು ಬೇಕಾದರೂ ಕಳಿಸಿ. ಖರ್ಚಾಗುತ್ತದೆ.