ಶ್ರೀಮದ್ 144 ಮಹಾತ್ಮೆ

ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಇರಬೇಕೋ ಬೇಡವೋ ಎಂದು ದೊಡ್ಡ ಊರಿನ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಹುಣಸೂರಿಗೆ ಆ ತಾಪತ್ರಯವಿಲ್ಲ. ಮಿತಿ ನಾಲ್ಕು ಜನ. ನಿಷೇಧಾಜ್ಞೆ ಬಿತ್ತೆಂದರೆ ಐವರು ಗುಂಪುಗೂಡುವಂತಿಲ್ಲ. ನಾಲ್ವರು ಸೇರಿ ಹೊಗೆಸೊಪ್ಪಿನ ದರವನ್ನೋ ಸರ್ಕಾರವನ್ನೋ ಟೀ ಆರುವವರೆಗೂ ಬೈಯಬಹುದು. ‘ನಾಲ್ಕು ಜನ ಏನಂದಾರು’ ಎಂದು ಹಿರಿಯರು ಹೆದರುತ್ತಿದ್ದುದು ಇವರಿಗೇ ಇರಬೇಕು. ಮೈಕ್ ಹಾಕಬಾರದೆಂದು ಮೈಕಿನಲ್ಲೇ ಸಾರುತ್ತ ಜೀಪು ಬೀದಿ ಸುತ್ತುವಾಗ ಕಿವಿಗೊಡಬೇಕು. ಅಷ್ಟು ಚುಟುಕಾದ, ಸ್ಪಷ್ಟವಾದ ಕನ್ನಡ ಯಾವ ಭಾಷಣದಲ್ಲೂ ಸಿಗದು.

ಪಕ್ಷಭೇದವಿಲ್ಲದಿರುವುದು ಈ ನಿಷೇಧಾಜ್ಞೆಯ ಸೆಕ್ಷನ್ 144ರ ದೊಡ್ಡ ಗುಣ. 2017ರ ಡಿಸೆಂಬರ್ 3ರಂದು ಹುಣಸೂರಿನ ಹನುಮ ಜಯಂತಿಗೆ ಹೊರಟಿದ್ದ ಬಿಜೆಪಿ ಸಂಸದ ಪ್ರತಾಪ್ ಸಿಂಹ ಬಿಳಿಕೆರೆಯಲ್ಲಿ ಬ್ಯಾರಿಕೇಡಿನ ಮೇಲೆ ಕಾರು ನುಗ್ಗಿಸಿ ಬಂಧನಕ್ಕೊಳಗಾದರು. ಆಗಿದ್ದುದು ಕಾಂಗ್ರೆಸ್ ಸರ್ಕಾರ. ಸಂಸದರ ಕಡೆಯವರಿಗೆ ತಕ್ಷಣ ಸಂವಿಧಾನ ನೆನಪಾಯಿತು, ಎದುರಿನವರಿಗೆ ಶಾಂತಿ ಸುವ್ಯವಸ್ಥೆ. 2019ರ ಡಿಸೆಂಬರ್ 19ರಂದು ಬೆಂಗಳೂರಿನ ಪುರಭವನದ ಮುಂದೆ ಪ್ರತಿಭಟನೆಗೆ ಬಂದು ಅಂಬೇಡ್ಕರ್ ಚಿತ್ರದ ಫಲಕ ಹಿಡಿದು ಪತ್ರಕರ್ತರೊಡನೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಮಾತಿನ ನಡುವೆಯೇ ಎಳೆದೊಯ್ದರು. ಆಗ ಬಿಜೆಪಿ ಸರ್ಕಾರ. ಸಂವಿಧಾನವೂ ಸುವ್ಯವಸ್ಥೆಯೂ ಸದ್ದಿಲ್ಲದೆ ಮನೆ ಅದಲುಬದಲು ಮಾಡಿಕೊಂಡವು. ಬ್ಯಾರಿಕೇಡಿಗೆ ಕಾರು ನುಗ್ಗಿಸಿದವರೂ ಒಂದೇ, ಫಲಕ ಹಿಡಿದು ನಿಂತವರೂ ಒಂದೇ! ಇಂಥ ಸಮದೃಷ್ಟಿ ಹಿಮಾಲಯದಲ್ಲಿ ಕೂತವರಿಗೂ ಬಾರದು.

ಇನ್ನು ಅದರ ಚುರುಕುತನ. ತುರ್ತು ಎಂದುಬಿಟ್ಟರೆ ಎದುರಿನವರ ಮಾತು ಕೇಳುವ ಗೋಜೂ ಇಲ್ಲ. ಕೋರ್ಟುಗಳಿಗೆ ಮಾತ್ರ ಅವಸರವಿಲ್ಲ. ನ್ಯಾಯಬದ್ಧ ಅಭಿಪ್ರಾಯವನ್ನು ಹತ್ತಿಕ್ಕಲು 144 ಬಳಸಕೂಡದೆಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲಿ ಹೇಳಿದ್ದು 2020ರ ಜನವರಿ 10ರಂದು. ಗುಹಾ ಅವರನ್ನು ಎಳೆದೊಯ್ದಾಗ ಬೆಂಗಳೂರಿನಲ್ಲಿದ್ದ ಮೂರು ದಿನಗಳ ಆಜ್ಞೆಯೇ ಕಾನೂನುಬಾಹಿರವೆಂದು ನಮ್ಮ ಹೈಕೋರ್ಟ್ ತೀರ್ಪಿತ್ತದ್ದು ಫೆಬ್ರವರಿ 13ರಂದು. ಅಷ್ಟರಲ್ಲಿ ಆಜ್ಞೆ ತನ್ನ ಕೆಲಸ ಮುಗಿಸಿ ವಿಶ್ರಾಂತಿಗೆ ತೆರಳಿತ್ತು, ಪ್ರತಿಭಟನೆಗೆ ಬಂದವರು ಮನೆ ಸೇರಿದ್ದರು. ತೀರ್ಪು ಓದಿ ಆನಂದಿಸಲು ಎಲ್ಲರಿಗೂ ಬೇಕಾದಷ್ಟು ಬಿಡುವಿತ್ತು.

2024ರ ಜುಲೈ 1ರಿಂದ 144 ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೀಗ 163. ಅಭಿಮಾನಿಗಳು ಕಳವಳಪಡಬೇಕಿಲ್ಲ. ಮೊದಲಿನಂತೆಯೇ ಒಂದು ಆಜ್ಞೆಗೆ ಎರಡು ತಿಂಗಳ ಆಯುಷ್ಯ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇನ್ನೂ ಆರು ತಿಂಗಳು.