ಹಲ್ಲು ಉದುರಿದ ಕ್ಯಾಮೆರಾ: ಬಳಕೆದಾರರ ಕೈಪಿಡಿ

ಹೈ8 ವಿಡಿಯೊ ಕ್ಯಾಮೆರಾಕ್ಕೆ ಬಿಡಿಭಾಗ ಹುಡುಕಲು ಹೊರಟಿದ್ದಕ್ಕೆ ಅಭಿನಂದನೆಗಳು. ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಮುಂದೆ ಬೇಕಾದೀತೆಂದು ಜೋಪಾನವಾಗಿ ಎತ್ತಿಟ್ಟು, ಎಲ್ಲಿಟ್ಟಿರೆಂಬುದನ್ನು ಮರೆಯಿರಿ. ಮೂಲ ಕೈಪಿಡಿಗೂ ಹೀಗೇ ಆದದ್ದು.

ಪೆಟ್ಟಿಗೆಯಲ್ಲಿ ಏನೇನಿದೆ

ಕ್ಯಾಮೆರಾ ಒಂದು. ಯಾವುದಕ್ಕೂ ಹೊಂದದ ಚಾರ್ಜರ್ ಮೂರು. ಕ್ಯಾಸೆಟ್ಟಿನ ಖಾಲಿ ಡಬ್ಬಿ ಒಂದು. ಮೇಲೆ ‘ನಾಮಕರಣ’ ಎಂದು ಬರೆದಿದೆ, ಯಾರದ್ದೆಂದು ಬರೆದಿಲ್ಲ. ಡಬ್ಬಿಯೊಳಗಿರಬೇಕಾದ ಕ್ಯಾಸೆಟ್ ಕ್ಯಾಮೆರಾದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದೆ.

ರೋಗಪತ್ತೆ

ಕ್ಯಾಸೆಟ್ ಹಾಕಿದೊಡನೆ ಕ್ಯಾಮೆರಾ ಅದರೊಳಗಿನ ಟೇಪನ್ನು ಹೊರಗೆಳೆದು, 40 ಮಿಲಿಮೀಟರ್ ವ್ಯಾಸದ ಡ್ರಮ್ಮಿಗೆ ಓರೆಯಾಗಿ ಸುತ್ತುತ್ತದೆ. ನಮ್ಮ ಪಾಲ್ ವಿಡಿಯೊ ಪದ್ಧತಿಯಲ್ಲಿ ಆ ಡ್ರಮ್ಮು ನಿಮಿಷಕ್ಕೆ 1500 ಸುತ್ತು ಹೊಡೆಯುತ್ತದೆ. ಏನು ಕೆಟ್ಟರೂ ಡ್ರಮ್ಮೇ ಕೆಟ್ಟಿದೆ ಎಂದು ಎದೆ ಒಡೆದುಕೊಳ್ಳಬೇಡಿ. ಬಹಳ ಸಲ ತಪ್ಪಿತಸ್ಥ ಬೇರೆಯೇ: ಟೇಪನ್ನು ಎಳೆಯುವ ಕೆಲಸಕ್ಕಿರುವ, ಕಡಲೆಕಾಳಿನಷ್ಟು ಗಾತ್ರದ, ಒಂದು ಹಲ್ಲು ಹೋದ ಪ್ಲಾಸ್ಟಿಕ್ ಗೇರು. ಕಡಲೆ, ಹಲ್ಲು ಇವೆರಡರ ಗಾದೆಯನ್ನು ಕಟ್ಟಿದವರು ಬಹುಶಃ ಇಂಥದೇ ರಿಪೇರಿಗೆ ಕೂತಿದ್ದರು.

ಎಚ್ಚರಿಕೆ: ಡ್ರಮ್ಮನ್ನು ಬೆರಳಿನಿಂದ ಮುಟ್ಟಬೇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒರೆಸಬೇಡಿ, ಹತ್ತಿಯ ಎಳೆ ಡ್ರಮ್ಮಿನಲ್ಲಿರುವ, ಚಿತ್ರ ಓದುವ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಕಾದ ಸೋಲ್ಡರಿಂಗ್ ಕಡ್ಡಿ ತಾಗಿದಾಗ ಬೋರ್ಡಿನಿಂದ ಮೀನಿನ ವಾಸನೆ ಬಂದರೆ ಪಕ್ಕದ ಮನೆಯ ಅಡುಗೆಯನ್ನು ದೂರಬೇಡಿ. 80ರ ದಶಕದ ಕೊನೆ, 90ರ ಮೊದಲ ಭಾಗದ ಕ್ಯಾಮೆರಾಗಳಲ್ಲಿ ಕೆಪಾಸಿಟರುಗಳು ಸೋರಿದಾಗ ಬರುವ ವಾಸನೆ ಅದು.

ಬಿಡಿಭಾಗ ಹುಡುಕುವ ಕ್ರಮ

ಎಸ್‌.ಪಿ. ರೋಡಿಗೆ, ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಗೆ, ಹೋಗಿ. ಮೊದಲ ಅಂಗಡಿಯವರು ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, “ಬಿಸಾಕಿ ಸಾರ್, ಮೊಬೈಲಲ್ಲೇ ಫೋರ್‌ಕೆ ಬರುತ್ತೆ” ಎನ್ನುತ್ತಾರೆ. ಎರಡನೆಯವರೂ ಅದನ್ನೇ ಅನ್ನುತ್ತಾರೆ. ಮೂರನೆಯವರು ಮಾತ್ರ ಮೌನವಾಗಿ ಒಂದು ಹಾರ್ಲಿಕ್ಸ್ ಬಾಟಲಿ ತೆಗೆದು ಮೇಜಿನ ಮೇಲೆ ಸುರಿಯುತ್ತಾರೆ: ಸ್ಕ್ರೂ, ಸ್ಪ್ರಿಂಗು, ಯಾರದೋ ಕೈಗಡಿಯಾರದ ಚಕ್ರ. ಅರ್ಧ ಗಂಟೆ ಇಬ್ಬರೂ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿರಿ. ಗೇರು ಸಿಗುವುದಿಲ್ಲ. ಚಹಾ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಇದೇ ಈ ಇಡೀ ಕಾರ್ಯಕ್ರಮದ ಅತ್ಯುತ್ತಮ ಘಟ್ಟ.

ಬ್ಯಾಟರಿಯದ್ದು ಮಾತ್ರ ಸಿಹಿಸುದ್ದಿ. 90ರ ದಶಕದ ಎಷ್ಟೋ ಸೋನಿ ಕ್ಯಾಮೆರಾಗಳು ಬಳಸುತ್ತಿದ್ದ ಎನ್‌ಪಿ-ಎಫ್ ಬ್ಯಾಟರಿ ಇವತ್ತಿಗೂ ಹೊಸದಾಗಿ ಬರುತ್ತಿದೆ. ಕ್ಯಾಮೆರಾದ ಮೇಲಿನ ಪ್ರೀತಿಗಲ್ಲ, ಈಗಿನ ವಿಡಿಯೊ ಶೂಟಿಂಗಿನ ಎಲ್‌ಇಡಿ ಲೈಟುಗಳಿಗೆ ಅದೇ ಬೇಕು. ಯಜಮಾನ ಹೋದ ಮೇಲೂ ಅವನ ಚಪ್ಪಲಿಗೆ ಗಿರಾಕಿ ಇದ್ದ ಹಾಗೆ.

ಗೇರಿಗೆ ಉಳಿದ ದಾರಿ ಒಂದೇ: ಅದೇ ಮಾದರಿಯ ಇನ್ನೊಂದು ಸತ್ತ ಕ್ಯಾಮೆರಾ. ಇಲ್ಲಿ ಜಾತಕ ನೋಡಲೇಬೇಕು. ಸೋನಿಯದಾದರೆ ಮಾದರಿ ಸಂಖ್ಯೆಯ ಕೊನೆಗೆ ‘ಇ’ ಇದ್ದದ್ದು ಪಾಲ್. ಅಮೆರಿಕದಿಂದ ಭಾವ ತಂದುಕೊಟ್ಟಿದ್ದರೆ ಅದು ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ. ಗೇರು ಕೂಡಿಬಂದರೂ ಬೋರ್ಡು ಕೂಡಿಬರುವುದಿಲ್ಲ.

ಮಾರುವವರ ಭಾಷೆಗೆ ಸಣ್ಣ ನಿಘಂಟು. ‘ಕಂಡೀಷನ್ ಸೂಪರ್’ ಎಂದರೆ ಹೊರಗೆ ಗೀರಿಲ್ಲ. ‘ತಾತನ ಕಾಲದ ಅಪರೂಪದ್ದು’ ಎಂದರೆ ಬೆಲೆ ಜಾಸ್ತಿ. ‘ಚಾರ್ಜರ್ ಇಲ್ಲದ್ದರಿಂದ ಟೆಸ್ಟ್ ಮಾಡಿಲ್ಲ’ ಎಂದರೆ ಟೆಸ್ಟ್ ಮಾಡಿದ್ದಾರೆ.

ಜೋಡಣೆ

ಎರಡನೇ ಕ್ಯಾಮೆರಾ ಬಂದೊಡನೆ ಬಿಚ್ಚಿ. ಅದರಲ್ಲೂ ಅದೇ ಗೇರಿನ ಅದೇ ಹಲ್ಲು ಮುರಿದಿರುತ್ತದೆ. ಅಳಬೇಡಿ. ಒಂದೇ ಪ್ಲಾಸ್ಟಿಕ್ಕು, ಒಂದೇ ವಯಸ್ಸು. ಅವಳಿಗಳಿಗೆ ಒಟ್ಟಿಗೇ ಹಲ್ಲು ಬಿದ್ದಿದೆ, ಅಷ್ಟೆ. ತ್ರೀಡಿ ಪ್ರಿಂಟರಿನಲ್ಲಿ ಗೇರು ಅಚ್ಚು ಹಾಕಿಸುವವರೂ ಇದ್ದಾರೆ, ಆದರೆ ಅಷ್ಟು ಚಿಕ್ಕ ಹಲ್ಲು ನಯವಾಗಿ ಬರುವುದು ಕಷ್ಟ. ಮೂರನೇ ಕ್ಯಾಮೆರಾ ತರಿಸಿ. ಈ ಸಲ ಪಾರ್ಸೆಲ್ ಆಫೀಸಿನ ವಿಳಾಸಕ್ಕೆ.

ಮನೆಯವರು “ರೀ, ಇದೆಷ್ಟನೇದು?” ಎಂದು ಕೇಳಿದರೆ, “ಅದೇ ಹಳೇದು” ಎನ್ನಿ. ಮೂರಕ್ಕೂ ಈ ಉತ್ತರ ಹೊಂದುತ್ತದೆ.

ಮೂರನೆಯದರ ಡ್ರಮ್ಮು ಸವೆದಿರುತ್ತದೆ, ಗೇರು ಗಟ್ಟಿಯಾಗಿರುತ್ತದೆ. ಅದನ್ನು ಬಿಚ್ಚಿ ಮೊದಲನೆಯದಕ್ಕೆ ಹಾಕಿ. ನಾಮಕರಣದ ಕ್ಯಾಸೆಟ್ ಹೊರಗೆ ಬರುತ್ತದೆ. ಅದನ್ನೇ ಮತ್ತೆ ಒಳಗಿಟ್ಟು ಪರೀಕ್ಷಿಸುವ ಆಸೆಯನ್ನು ಹಲ್ಲು ಕಚ್ಚಿ ತಡೆಯಿರಿ. ಮೊದಲು ಕೆಲಸಕ್ಕೆ ಬಾರದ ಯಾವುದಾದರೂ ಕ್ಯಾಸೆಟ್ ಹಾಕಿ ನೋಡಿ. ಕೊನೆಗೆ ನಾಮಕರಣವನ್ನು ಹಾಕಿದಾಗ ತೊಟ್ಟಿಲು ಕಾಣುತ್ತದೆ, ಸುತ್ತ ಹೆಂಗಸರು ಕಾಣುತ್ತಾರೆ. ಮಗು ಪಕ್ಕದ ಮನೆಯವರದು.

ವಿಲೇವಾರಿ

ಉಳಿದ ಎರಡು ಕ್ಯಾಮೆರಾಗಳನ್ನು ಕಸಕ್ಕೆ ಹಾಕಬೇಡಿ. ‘ಬಿಡಿಭಾಗಕ್ಕೆ ಮಾತ್ರ’ ಎಂದು ಫೋಟೊ ಸಮೇತ ಮಾರಾಟಕ್ಕಿಡಿ. ವಾರದೊಳಗೆ ದಾವಣಗೆರೆಯಿಂದ ಯಾರೋ ಫೋನ್ ಮಾಡುತ್ತಾರೆ.

“ಸಾರ್, ಒಳಗಡೆ ಒಂದು ಸಣ್ಣ ಪ್ಲಾಸ್ಟಿಕ್ ಗೇರು ಇರುತ್ತಲ್ಲ, ಅದರ ಹಲ್ಲು ಸರಿಯಾಗಿದೆಯಾ?”

ಚಾರ್ಜರ್ ಇಲ್ಲ ಸಾರ್, ಟೆಸ್ಟ್ ಮಾಡಿಲ್ಲ ಎನ್ನಿ.