ಕೆಸುವಿನೆಲೆಯೊಡನೆ ಒಂದು ಅಪರಾಹ್ಣ

ಆಷಾಢದ ಮಳೆ ಹನಿಗಡಿಯದೆ ಸುರಿಯುತ್ತಿದ್ದ ಒಂದು ಅಪರಾಹ್ಣ, ಕೋಟದ ಹಳೆಯ ಮನೆಯೊಂದರ ಬಚ್ಚಲ ತೋಡಿನ ಬದಿಯಲ್ಲಿ, ಅಡಕೆಮರಗಳ ನೆರಳನ್ನು ತನ್ನ ಪಿತ್ರಾರ್ಜಿತವೆಂಬಂತೆ ಅನುಭವಿಸುತ್ತ ನಿಂತಿದ್ದ ಕೆಸುವಿನೆಲೆಯನ್ನು, ಕೊಡೆ ಹಿಡಿದು ಕುಕ್ಕುರುಗಾಲಿನಲ್ಲಿ ಕುಳಿತು, ಸವಿನಯವಾಗಿ ಸಂದರ್ಶಿಸಿದೆನು.

‘ಇಷ್ಟು ವಿಸ್ತಾರವಾದ ದೇಹ ಆಡಂಬರವಲ್ಲವೇ?’

‘ಆಡಂಬರವೇ ಸ್ವಾಮಿ? ಅಡಕೆಯ ಸೋಗೆಗಳು ಮೇಲೆಯೇ ಹಂಚಿಕೊಂಡು ಉಳಿಸಿದ ಚೂರುಪಾರು ಬೆಳಕಿಗಾಗಿ ಸೆರಗೊಡ್ಡಿ ನಿಂತವನು ನಾನು; ಇಷ್ಟು ಅಗಲವಾದ ಮೇಲೆ ದಪ್ಪವಾಗಲು ಬಂಡವಾಳವೆಲ್ಲಿ? ಒಂದು ತೊಲ ತೂಕದಲ್ಲಿ ಎಷ್ಟು ಅಗಲ ದಕ್ಕೀತೆಂಬುದೇ ನಮ್ಮ ಕುಲದ ಲೆಕ್ಕಾಚಾರ. ತೆಳ್ಳಗಿನ ಎಲೆ ಬೇಗ ಗಳಿಸುತ್ತದೆ, ಬೇಗ ಹರಿದೂ ಹೋಗುತ್ತದೆ.’

ಅಷ್ಟರಲ್ಲಿ ಹನಿಯೊಂದು ಅದರ ನಡುವಿಗೆ ಬಿದ್ದು, ಪಾದರಸದ ಗುಂಡಿನಂತೆ ಕ್ಷಣಕಾಲ ನಡುಗಿ, ಧೂಳಿನ ಕಣವೊಂದನ್ನು ಹೊತ್ತುಕೊಂಡು ತುದಿಯಿಂದ ಜಾರಿತು. ಎಲೆಗೆ ತೇವವೇ ತಗುಲಲಿಲ್ಲ.

‘ಎಂಥ ನಿರ್ಲಿಪ್ತತೆ!’

‘ವೇದಾಂತವಲ್ಲ, ಮೇಣ. ನೀರು ಪೊರೆಗಟ್ಟಿ ಪತ್ರರಂಧ್ರಗಳನ್ನು ಮುಚ್ಚಿದರೆ, ಗಾಳಿಯಲ್ಲಿ 10,000ಕ್ಕೆ 4 ಪಾಲಷ್ಟೇ ಇರುವ ಇಂಗಾಲಾಮ್ಲ ಒಳಗೆ ಬರುವುದು ಹೇಗೆ?’

ಶಿವರಾಮ ಕಾರಂತರು ಹುಟ್ಟಿದ ಊರಿನದಾದ್ದರಿಂದಲೋ ಏನೋ, ಅದಕ್ಕೆ ವಿಜ್ಞಾನದ ಮಾತು ಸಂಕೋಚವಿಲ್ಲದೆ ಬರುತ್ತಿತ್ತು.

‘ಒಳಗಿನ ಕಚೇರಿಯ ಕಾರ್ಯಭಾರ?’

‘ಅದನ್ನು ಕೇಳಬೇಡಿ. ಇಂಗಾಲಾಮ್ಲವನ್ನು ಹಿಡಿದು ದಾಖಲಿಸುವ ರುಬಿಸ್ಕೋ ಎಂಬ ಕಿಣ್ವವೇ ಅಲ್ಲಿನ ಗುಮಾಸ್ತ. ನಾನು ಮಣ್ಣಿನಿಂದ ಹೀರಿದ ಸಾರಜನಕದ ದೊಡ್ಡ ಪಾಲು ಅವನ ಸಂಬಳಕ್ಕೇ ಸಂದರೂ, ಸೆಕೆಂಡಿಗೆ ಮೂರು ನಾಲ್ಕು ಕಡತಕ್ಕಿಂತ ಹೆಚ್ಚು ನೋಡನು. ಸೆಕೆ ಏರಿತೆಂದರೆ ಇಂಗಾಲಾಮ್ಲದ ಬದಲು ಆಮ್ಲಜನಕಕ್ಕೇ ಮುದ್ರೆಯೊತ್ತಿ, ಗಳಿಸಿದ್ದನ್ನೂ ಕಳೆಯುತ್ತಾನೆ. ವಜಾ ಮಾಡೋಣವೆಂದರೆ ಆ ಕೆಲಸ ಬಲ್ಲವನು ಬೇರೊಬ್ಬನಿಲ್ಲ.’

‘ಗದ್ದೆಯಂಚಿನ ಗರಿಕೆಯವರಲ್ಲಿ ಈ ದೂರಿಲ್ಲವಂತೆ?’

ಎಲೆಯ ಅಂಚು ತುಸು ಅದುರಿತು. ‘ಅವರು ಬಾಗಿಲಲ್ಲೊಬ್ಬ ಜವಾನನನ್ನು ಇಟ್ಟಿದ್ದಾರೆ, ಅವನು ಇಂಗಾಲಾಮ್ಲವನ್ನಷ್ಟೇ ಹೆಕ್ಕಿ ಒಳಕೋಣೆಯ ಗುಮಾಸ್ತನ ಮೇಜಿನ ಮೇಲೆ ಒಟ್ಟುತ್ತಾನೆ. ಕಬ್ಬಿನಲ್ಲಿ ಇದೇ ಏರ್ಪಾಡನ್ನು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಬಿಡಿಸಿಟ್ಟರು. ವೈಶಾಖದ ಬಿಸಿಲಿಗೆ ನಾನು ಜೋತುಬಿದ್ದಿರುವಾಗ ಆ ದಾರದಂಥ ಎಲೆ ಗಳಿಸುತ್ತಲೇ ಇರುತ್ತದೆ; ಸಾಲದೆಂಬಂತೆ ಆನೆಗುಡ್ಡೆಯ ವಿನಾಯಕನ ಮುಡಿಗೂ ಏರುತ್ತದೆ. ಆದರೆ ಈ ನೆರಳಿಗೆ ಬಂದು ಬದುಕಲಿ ನೋಡೋಣ, ಜವಾನನ ಸಂಬಳವೂ ಹುಟ್ಟದು!’

ಅಡುಗೆಮನೆಯ ಹಿಂಬಾಗಿಲು ಕಿರ್ರೆಂದಿತು. ಮನೆಯ ಹಿರಿಯಾಕೆ ಕತ್ತಿ ಹಿಡಿದು, ಪತ್ರೊಡೆಗೆ ಎಳೆಯ ಎಲೆಗಳನ್ನು ಅರಸುತ್ತ ಇತ್ತಲೇ ಬರುತ್ತಿದ್ದರು.

‘ಕಡೆಯ ಮಾತೇನಾದರೂ?’ ಎಂದೆನು.

‘ಹುಳಿ ಸ್ವಲ್ಪ ಮುಂದಾಗಿ ಹಾಕಲು ಹೇಳಿ, ಮಾರಾಯ್ರೆ, ನಾಲಿಗೆ ತುರಿಸಿದರೆ ಆಮೇಲೆ ನನ್ನನ್ನೇ ಬಯ್ಯುತ್ತಾರೆ.’